ಗಾದೆ ವೇದಕ್ಕೆ ಸಮಾನ, ಜಿಆರ್‌ಇಗೆ ಅಲ್ಲ

ಪ್ರಶ್ನೆ: ಮೇಡಂ, ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಅಮೆರಿಕದಲ್ಲಿ ಎಂ.ಎಸ್. ಮಾಡುವ ಆಸೆಯಿಂದ, ಅಲ್ಲಿನ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆ ಬರೆದೆ. ಗಣಿತದಲ್ಲಿ 170ಕ್ಕೆ 166 ಬಂದಿದೆ, ಪ್ರಬಂಧಕ್ಕೆ ಮಾತ್ರ 6ಕ್ಕೆ 3. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವನು ನಾನು. ನನ್ನ ಇಂಗ್ಲಿಷ್ ಅಷ್ಟು ಕೆಟ್ಟದ್ದೇ? ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆದ ಒಂದು ಅಭ್ಯಾಸದ ಪ್ರಬಂಧವನ್ನು ಕಳುಹಿಸಿದ್ದೇನೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಎರಡು ಸಲ ಓದಿದೆ. ಇಂಗ್ಲಿಷ್ ತಪ್ಪುಗಳು ಏಳೆಂಟು ಇವೆ, ಆದರೆ ನಿಮ್ಮನ್ನು ಕೆಳಗೆ ಎಳೆದದ್ದು ಅವಲ್ಲ. ಪೂರ್ತಿ ಆರು ಅಂಕದ ಪ್ರಬಂಧದಲ್ಲೂ ಸಣ್ಣಪುಟ್ಟ ತಪ್ಪುಗಳಿರಬಹುದು ಎಂದು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ತನ್ನ ಅಂಕಸೂತ್ರದಲ್ಲಿ ಬರೆದುಕೊಂಡಿದೆ. ಅಲ್ಲಿನ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯವೂ ಇಲ್ಲ, ಎಲ್ಲರೂ ಎಡವುತ್ತಾರೆ. ನಿಮಗೆ ಮುಳುವಾದದ್ದು ಆ ಬಹುಮಾನಗಳು.

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ‘ಪರ’ ಎಂದು ಬಂದರೆ ಮುಗಿಯಿತು. ಎದುರಾಳಿಯ ಒಂದೇ ಒಂದು ಮಾತನ್ನು ಒಪ್ಪಿದರೂ ಕಪ್ ಕೈತಪ್ಪುತ್ತದೆ. ಇಲ್ಲಿ ಲೆಕ್ಕವೇ ಬೇರೆ. ನೀವು ಆರಿಸಿಕೊಂಡ ವಿಷಯ ಇಟಿಎಸ್ ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿರುವ ಪಟ್ಟಿಯದು: ಸಮಾಜವೊಂದರ ಮುಖ್ಯ ಲಕ್ಷಣಗಳನ್ನು ಅರಿಯಬೇಕಾದರೆ ಅದರ ದೊಡ್ಡ ನಗರಗಳನ್ನು ಅಧ್ಯಯನ ಮಾಡಬೇಕು. ಅದರ ಕೆಳಗಿನ ಸೂಚನೆಯನ್ನು ಓದಿದಿರಾ? ಎಷ್ಟರ ಮಟ್ಟಿಗೆ ಒಪ್ಪುತ್ತೀರಿ, ಈ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ, ಅದರಿಂದ ನಿಮ್ಮ ನಿಲುವು ಹೇಗೆ ರೂಪುಗೊಂಡಿತು ಎಂದು ಕೇಳಿದ್ದಾರೆ. ನೀವು ಮೊದಲಿನಿಂದ ಕೊನೆಯವರೆಗೂ ನಗರವನ್ನು ಬೈದಿದ್ದೀರಿ.

ಮೊದಲ ಐದು ಸಾಲು ಓದಿ ನನಗೆ ನಗು ಬಂತು. ಅನಾದಿ ಕಾಲದಿಂದಲೂ ಮನುಷ್ಯ ಸಂಘಜೀವಿ, ಆಧುನಿಕ ಯುಗದಲ್ಲಿ ಇದು ಬಹುಚರ್ಚಿತ ವಿಷಯ, ಇತ್ಯಾದಿ. ಗಾದೆ ವಿಸ್ತರಣೆಯಲ್ಲಿ ನಾವೆಲ್ಲ ‘ಗಾದೆಗಳು ವೇದಕ್ಕೆ ಸಮಾನ’ ಎಂದು ಶುರು ಮಾಡುತ್ತಿದ್ದೆವಲ್ಲ, ಅದರ ಇಂಗ್ಲಿಷ್ ತಮ್ಮ ಇದು. ಹತ್ತನೆಯ ತರಗತಿಯ ಕನ್ನಡ ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನ ತಂಗಿ ಗಾದೆಯ ಪ್ರಶ್ನೆಯನ್ನು ಮೂರನೆಯ ಸಾಲಿನಿಂದಲೇ ಓದುತ್ತಿದ್ದಳು. ನಿಮ್ಮ ಪ್ರಬಂಧವನ್ನು ಓದುವವರು ಒಬ್ಬ ತರಬೇತಿ ಪಡೆದ ಪರೀಕ್ಷಕರು ಮತ್ತು ಒಂದು ಕಂಪ್ಯೂಟರ್ ಪ್ರೋಗ್ರಾಂ. ಇಬ್ಬರ ಅಂಕ ಹೊಂದದಿದ್ದರೆ ಇನ್ನೊಬ್ಬ ಪರೀಕ್ಷಕರ ಕೈಗೆ ಹೋಗುತ್ತದೆ. ಯಾರ ಮುಂದೆಯೂ ಪೀಠಿಕೆ ನಡೆಯುವುದಿಲ್ಲ. ಮೊದಲ ಮೂರು ವಾಕ್ಯದೊಳಗೆ ನಿಮ್ಮ ನಿಲುವು ಕಾಣಬೇಕು.

ಈಗ ನಿಮ್ಮ ಎರಡನೆಯ ಪ್ಯಾರಾಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇ. 61ರಷ್ಟು ಜನ ಹಳ್ಳಿಗಳಲ್ಲಿದ್ದರು, ಆದ್ದರಿಂದ ನಗರದ ಅಧ್ಯಯನ ವ್ಯರ್ಥ ಎಂದಿದ್ದೀರಿ. ಅಂಕಿ ಸರಿ. ಆದರೆ ಹೆಚ್ಚು ಜನ ಇರುವ ಕಡೆಯೇ ಸಮಾಜದ ಲಕ್ಷಣ ಹೆಚ್ಚು ಕಾಣುತ್ತದೆ ಎಂದು ಹೇಳಿದವರು ಯಾರು? ಆ ಕೊಂಡಿಯನ್ನು ನೀವು ಬರೆಯಲೇ ಇಲ್ಲ. ಅಂಕಿಯಿಂದ ತೀರ್ಮಾನಕ್ಕೆ ಜಿಗಿದಿರಿ. ಪರೀಕ್ಷೆಯಲ್ಲೂ ಹೀಗೆಯೇ ಬರೆದಿದ್ದರೆ, ಮೂರು ಅಂಕಕ್ಕೆ ಕಾರಣ ಆ ಜಿಗಿತ.

ನಾನಾದರೆ ಮೊದಲು ನಗರಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಗಾಣಿಗರಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ, ತರಗುಪೇಟೆ ಇವೆ. ನಾಡಿನಲ್ಲಿ ಯಾವ ಕಸುಬುಗಳಿದ್ದವು, ಕಸುಬಿಗೆ ತಕ್ಕಂತೆ ಜನ ಹೇಗೆ ಬೇರೆ ಬೇರೆ ಬೀದಿಗಳಲ್ಲಿ ನೆಲೆಸಿದರು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ. ಯಾವ ಒಂದು ಹಳ್ಳಿಯಲ್ಲೂ ಇಷ್ಟನ್ನು ಒಟ್ಟಿಗೆ ನೋಡಲಾಗದು. ಇಷ್ಟು ಒಪ್ಪಿಕೊಂಡ ಮೇಲೆ ಕೆರೆಯ ಕಡೆ ತಿರುಗುತ್ತೇನೆ. ನಿಮ್ಮ ಚನ್ನಗಿರಿಯ ಕಡೆ ಶಾಂತಿಸಾಗರವೇ ಇದೆ, ಅಷ್ಟು ದೊಡ್ಡದು ಬೇಡ, ಊರಿನ ಸಣ್ಣ ಕೆರೆ ಸಾಕು. ಮಳೆ ಕೈಕೊಟ್ಟ ವರ್ಷ ತೂಬು ಎತ್ತಿ ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ ಎಂದು ನೀರು ಹಾಯಿಸುತ್ತಿದ್ದ ನೀರುಗಂಟಿ ಒಬ್ಬನಿದ್ದ. ಸುಗ್ಗಿಯಲ್ಲಿ ಊರವರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಸಮಾಜದಲ್ಲಿ ಏನೇನಿದೆ ಎಂಬುದು ಪೇಟೆಯಲ್ಲಿ ಕಾಣುತ್ತದೆ. ಇರುವುದು ಸಾಲದೆ ಬಂದಾಗ ಹೇಗೆ ಹಂಚಿಕೊಳ್ಳುತ್ತದೆ ಎಂಬುದು ತೂಬಿನ ಬಳಿ ಕಾಣುತ್ತದೆ. ಈ ಎರಡನೆಯದೂ ಸಮಾಜದ ಮುಖ್ಯ ಲಕ್ಷಣವೇ ಆದ್ದರಿಂದ ನಗರವೊಂದನ್ನೇ ನೋಡಿದರೆ ಸಾಲದು. ನಿಮಗೆ ಬೇಕಿದ್ದ ಕೊಂಡಿ ಈ ಕೊನೆಯ ವಾಕ್ಯದಲ್ಲಿದೆ.

ನೀರುಗಂಟಿ ಎಂದರೆ ಅಲ್ಲಿಯವರಿಗೆ ತಿಳಿಯುತ್ತದೆಯೇ ಎಂಬ ಅಂಜಿಕೆ ಬೇಡ. ಒಂದು ಅರ್ಧ ವಾಕ್ಯದಲ್ಲಿ ವಿವರಿಸಿ ಮುಂದೆ ಹೋಗಿ. ನೀವು ತಂದ ಐನ್‌ಸ್ಟೀನ್, ಲಿಂಕನ್ ಇಬ್ಬರೂ ಹೆಸರಿಗಷ್ಟೇ ಬಂದು ಹೋಗಿದ್ದಾರೆ. ಬಾಯಿಪಾಠದ ಪ್ರಬಂಧವನ್ನಂತೂ ಒಯ್ಯಲೇಬೇಡಿ. ಬೇರೆಯವರ ಬರಹಕ್ಕೆ ಹೋಲುವುದನ್ನು ಹುಡುಕುವ ತಂತ್ರಾಂಶ ಅವರ ಬಳಿ ಇದೆ, ಅಂಕವೇ ರದ್ದಾಗಬಹುದು.

ಮೂವತ್ತು ನಿಮಿಷದಲ್ಲಿ ಮೊದಲ ಐದು ನಿಮಿಷ ಕೀಲಿಮಣೆ ಮುಟ್ಟಬೇಡಿ. ನಿಮ್ಮ ನಿಲುವಿಗೆ ಅತಿ ದೊಡ್ಡ ಏಟು ಯಾವುದು ಎಂದು ಹುಡುಕಿ ಕಾಗದದಲ್ಲಿ ಗೀಚಿಕೊಳ್ಳಿ. ಕೊನೆಯ ಮೂರು ನಿಮಿಷ ತಿದ್ದುವುದಕ್ಕೆ. ಪಟ್ಟಿಯಿಂದ ವಾರಕ್ಕೆ ಎರಡು ವಿಷಯ ಬರೆಯಿರಿ, ಮುಂದಿನದನ್ನು ನನಗೂ ಕಳುಹಿಸಿ.

ಪ್ರಶ್ನೆ: ಅಣ್ಣನ ಹಳೆಯ ಜಿಆರ್‌ಇ ಪುಸ್ತಕದಲ್ಲಿ ಎರಡು ಪ್ರಬಂಧಗಳಿವೆ. ಎರಡನ್ನೂ ಅಭ್ಯಾಸ ಮಾಡಬೇಕೆ?
— ಓದುಗಿ, ಶಿರಸಿ

ಉತ್ತರ: ಬೇಡ. 2023ರ ಸೆಪ್ಟೆಂಬರ್‌ನಿಂದ ಎರಡನೆಯದನ್ನು ಕೈಬಿಟ್ಟಿದ್ದಾರೆ, ಇಡೀ ಪರೀಕ್ಷೆಯೇ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಬೇರೆಯವರ ಟೊಳ್ಳು ವಾದದಲ್ಲಿ ತೂತು ಹುಡುಕುವ ಕೆಲಸ ಅದು: ಒಂದು ಊರಿಗೆ ಬಸ್ ಬಂದ ಮೇಲೆ ಅಂಗಡಿಗಳ ವ್ಯಾಪಾರ ಹೆಚ್ಚಿತು, ಆದ್ದರಿಂದ ಪಕ್ಕದ ಊರಿಗೂ ಬಸ್ ಬಿಡಿ ಎಂಬ ಬಗೆಯದು. ನಿಮ್ಮದೇ ಪ್ರಬಂಧ ಬರೆದು ಮುಗಿಸಿದ ಮರುದಿನ ಅದನ್ನು ಹಾಗೆಯೇ ಕೆದಕಿ ನೋಡಲು ಆ ಭಾಗದ ಹತ್ತು ಪುಟ ಓದಿದರೆ ನಷ್ಟವಿಲ್ಲ. ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಹಿಂದಿರುವ ಪದಗಳ ಪಟ್ಟಿ ಈಗಲೂ ಕೆಲಸಕ್ಕೆ ಬರುತ್ತದೆ.