ಎರಡು ವರ್ಷದ ಕರಾರಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ಹಾಸನದಿಂದ ಕೆಲಸಕ್ಕಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇನೆ. ಊರಿಂದ ತಂದ ಫೋನು ಕೆಟ್ಟಿದೆ. ಇಲ್ಲಿಯ ಅಂಗಡಿಯೊಂದರಲ್ಲಿ 24 ತಿಂಗಳ ಕರಾರಿನ ಮೇಲೆ ಐಫೋನ್ 16ಇ ತಿಂಗಳಿಗೆ 36 ಪೌಂಡಿಗೂ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ56 ತಿಂಗಳಿಗೆ 32 ಪೌಂಡಿಗೂ ಸಿಗುತ್ತವೆ. ಎರಡಕ್ಕೂ ಮುಂಗಡ 30 ಪೌಂಡ್. ಪ್ರತಿ ಏಪ್ರಿಲ್‌ನಲ್ಲಿ ತಿಂಗಳ ಬಿಲ್ಲು ಎರಡೂವರೆ ಪೌಂಡ್ ಏರುತ್ತದೆ. ಪೂರ್ತಿ ಹಣ ಕೊಟ್ಟು ಕೊಂಡರೆ ಕ್ರಮವಾಗಿ 599 ಮತ್ತು 499 ಪೌಂಡ್. ಅಷ್ಟೇ ಡೇಟಾ ಇರುವ ಸಿಮ್ ಮಾತ್ರ ಬೇಕೆಂದರೆ ತಿಂಗಳಿಗೆ 10 ಪೌಂಡ್. ಮನೆಯವರಿಗೆ ಕನ್ನಡದಲ್ಲೇ ಸಂದೇಶ ಬರೆಯುವವನು ನಾನು. ಸೆಪ್ಟೆಂಬರ್‌ನಲ್ಲಿ ಸಹಿ ಹಾಕಬೇಕೆಂದಿದ್ದೇನೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಫೋನಿನ ಆಯ್ಕೆಯನ್ನೂ ಕರಾರಿನ ಆಯ್ಕೆಯನ್ನೂ ಬೇರೆ ಬೇರೆಯಾಗಿಯೇ ಮಾಡಿ, ಅಂಗಡಿಯವರು ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಗೊಂದಲವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರೆ ಮೊದಲ ಏಳು ತಿಂಗಳು ಹಳೆಯ ದರ, ಮುಂದಿನ ಹನ್ನೆರಡು ತಿಂಗಳು ಎರಡೂವರೆ ಪೌಂಡ್ ಹೆಚ್ಚು, ಕೊನೆಯ ಐದು ತಿಂಗಳು ಐದು ಪೌಂಡ್ ಹೆಚ್ಚು. ಏರಿಕೆಯೊಂದೇ 55 ಪೌಂಡ್ ಆಗುತ್ತದೆ. ಆಗ ಐಫೋನಿಗೆ ಒಟ್ಟು 949, ಗ್ಯಾಲಕ್ಸಿಗೆ 853. ಫೋನನ್ನು ನೇರವಾಗಿ ಕೊಂಡು ಸಿಮ್ ಬೇರೆ ಪಡೆದರೆ ಇವೇ 839 ಮತ್ತು 739. ಬಡ್ಡಿ ಎಂಬ ಮಾತು ಕರಾರಿನಲ್ಲಿ ಎಲ್ಲೂ ಇಲ್ಲದಿದ್ದರೂ ಕಂತಿನ ಅನುಕೂಲಕ್ಕೆ ನೀವು ನೂರಹತ್ತು ಪೌಂಡಿನ ಆಸುಪಾಸು ತೆರುತ್ತೀರಿ. ಏರಿಕೆ ಇಷ್ಟೇ ಎಂದು ನಿಮಗೆ ಮೊದಲೇ ತಿಳಿದಿರುವುದಾದರೂ ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ಸಂಸ್ಥೆಯ ನಿಯಮದಿಂದ: 2025ರ ಜನವರಿ 17ರಿಂದ ಮಾಡುವ ಕರಾರುಗಳಲ್ಲಿ ಏರಿಕೆಯನ್ನು ಹಣದುಬ್ಬರಕ್ಕೆ ಜೋಡಿಸುವಂತಿಲ್ಲ, ಪೌಂಡು ಪೆನ್ಸ್‌ಗಳಲ್ಲೇ ತಿಳಿಸಬೇಕು. ಕೈಯಲ್ಲಿ ಹಣವಿದ್ದರೆ ಫೋನನ್ನು ಕೊಂಡುಬಿಡಿ. ಹೊಸದಾಗಿ ಬಂದವರಿಗೆ ಇನ್ನೊಂದು ಕಾರಣವೂ ಇದೆ. ಕರಾರಿಗೆ ಮೊದಲು ಸಾಲದ ಚರಿತ್ರೆಯನ್ನು ನೋಡುತ್ತಾರೆ, ಇಲ್ಲಿ ವಿಳಾಸವಾಗಿ ಕೆಲವೇ ತಿಂಗಳಾದವರ ಅರ್ಜಿ ತಿರಸ್ಕೃತವಾಗುವುದುಂಟು.

ಇನ್ನು ಫೋನಿನ ವಿಚಾರ. ಗ್ಯಾಲಕ್ಸಿಯ ಪರದೆ 6.7 ಇಂಚು, ಸೆಕೆಂಡಿಗೆ 120 ಸಲ ಹೊಸದಾಗುತ್ತದೆ; ಐಫೋನಿನದು 6.1 ಇಂಚು, 60 ಸಲ. ಬೆರಳು ಸರಿಸಿದಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಗ್ಯಾಲಕ್ಸಿಯ ತೂಕ 198 ಗ್ರಾಂ, ಐಫೋನಿನದು 167. ರೈಲಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಬರೆಯುವವರಿಗೆ ಅದೂ ಮುಖ್ಯ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನಿನಲ್ಲಿ ಕನ್ನಡ ಕೀಲಿಮಣೆಯನ್ನು ತೆರೆಯಿಸಿ, ಒತ್ತಕ್ಷರಗಳಿರುವ ನಾಲ್ಕು ಸಾಲನ್ನು ಒಂದೇ ಕೈಯಿಂದ ಬರೆದು ನೋಡಿ. ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವುದಕ್ಕಿಂತ ನಿಮಗೆ ಇದೇ ಉಪಯುಕ್ತ ಪರೀಕ್ಷೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ರೂಢಿ ನಿಮಗಿದ್ದರೆ ಗೂಗಲ್‌ನ ಜಿಬೋರ್ಡ್ ಆ ಕೆಲಸ ಮಾಡುತ್ತದೆ. ಚಳಿಗಾಲವನ್ನೂ ನೆನಪಿಡಿ: ಈ ಪರದೆಗಳು ಬೆರಳು ತಾಗಿದಾಗ ಗಾಜಿನ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಗುರುತಿಸುತ್ತವೆ, ಆದ್ದರಿಂದ ಉಣ್ಣೆಯ ಕೈಗವಸಿಗೆ ಎರಡೂ ಓಗೊಡುವುದಿಲ್ಲ, ಮಳೆಹನಿ ಬಿದ್ದರೆ ತಪ್ಪು ಅಕ್ಷರ ಮೂಡಬಹುದು.

ಬಾಳಿಕೆಯಲ್ಲಿ ಎರಡೂ ಸಾಲುತ್ತವೆ. ಎ56ಗೆ ಆರು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಸ್ಯಾಮ್‌ಸಂಗ್ ಹೇಳಿದೆ. ಆಪಲ್ ಕಂಪನಿಯು 2018ರ ಐಫೋನ್ ಎಕ್ಸ್‌ಎಸ್‌ಗೆ 2024ರಲ್ಲೂ ಹೊಸ ಐಒಎಸ್ (ಐಫೋನನ್ನು ನಡೆಸುವ ಮೂಲ ತಂತ್ರಾಂಶ) ಕೊಟ್ಟಿತ್ತು. ಎರಡರಲ್ಲೂ ಒಂದು ಸಿಮ್ಮಿನ ಜೊತೆಗೆ ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಹಾಕಬಹುದಾದ್ದರಿಂದ ಊರಿನ ಬ್ಯಾಂಕಿನ ಒಟಿಪಿ ಬರುವ ನಂಬರನ್ನೂ ಉಳಿಸಿಕೊಳ್ಳಬಹುದು. ನಿಮ್ಮ ಬಳಕೆಗೆ ನಾನು ಹೇಳುವುದು ಗ್ಯಾಲಕ್ಸಿ, ಕರಾರಿಲ್ಲದೆ. ಮನೆಯವರೆಲ್ಲ ಐಫೋನ್ ಬಳಸುವವರಾಗಿ ಆಪಲ್‌ನ ವಿಡಿಯೊ ಕರೆಯಾದ ಫೇಸ್‌ಟೈಮ್‌ನಲ್ಲೇ ಮಾತಾಡುವವರಾದರೆ ಮಾತ್ರ ನೂರು ಪೌಂಡ್ ಹೆಚ್ಚಿಗೆ ಕೊಡುವುದಕ್ಕೆ ಅರ್ಥವಿದೆ.

ಪ್ರಶ್ನೆ: ಬ್ರಿಟನ್ನಿನಲ್ಲಿ ಕರಾರಿಗೆ ಸಹಿ ಹಾಕಿದ ಮೇಲೆ ಫೋನು ಇಷ್ಟವಾಗದಿದ್ದರೆ ಹಿಂತಿರುಗಿಸಬಹುದೇ? — ಬರ್ಮಿಂಗ್‌ಹ್ಯಾಮ್‌ನ ಓದುಗರು

ಉತ್ತರ: ಆನ್‌ಲೈನ್‌ನಲ್ಲೋ ದೂರವಾಣಿಯಲ್ಲೋ ಮಾಡಿದ ಕರಾರನ್ನು ಕಾರಣ ಕೊಡದೆ 14 ದಿನದೊಳಗೆ ರದ್ದು ಮಾಡಬಹುದು, ಅಷ್ಟರಲ್ಲಿ ಬಳಸಿದ ಸೇವೆಗೆ ಹಣ ಕೇಳಬಹುದು. ಅಂಗಡಿಗೇ ಹೋಗಿ ಸಹಿ ಹಾಕಿದರೆ ಈ ಹಕ್ಕಿಲ್ಲ. ಫೋನಿನಲ್ಲೇ ದೋಷವಿದ್ದರೆ ಮಾತ್ರ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ 30 ದಿನದೊಳಗೆ ಅದನ್ನು ತಿರಸ್ಕರಿಸಿ ಹಣ ಕೇಳಬಹುದು. ಅಂಗಡಿಯವರು ತಾವಾಗಿ ಹೆಚ್ಚಿನ ಅವಕಾಶ ಕೊಡುತ್ತೇವೆ ಎಂದರೆ ಸಹಿಗೆ ಮೊದಲೇ ಅದನ್ನು ಬರಹದಲ್ಲಿ ಪಡೆಯಿರಿ.