ತಲಾಟಿ ಆದ ಮೇಲೂ ಅಡ್ಡಹೆಸರು ಕೇಳ್ತಾರೆ

ಹುಟ್ಟಿನಿಂದ ಬರುವ ಅಂತಸ್ತು, ದುಡಿದು ಗಳಿಸಿದ ಅಂತಸ್ತು ಎಂದು ಸಮಾಜಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಗಳಿಸಿದ್ದು ಕೈಗೆ ಬಂದ ಮೇಲೆ ಹುಟ್ಟಿನದು ಅಳಿಸಿ ಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮಾಸ್ತರನಾಗಿ ಕಂಡದ್ದನ್ನು ಹೇಳುತ್ತೇನೆ: ಹುದ್ದೆ ಬೇಗ ಕೈ ಬದಲಾಯಿಸುತ್ತದೆ, ಮರ್ಯಾದೆ ಬದಲಾಯಿಸುವುದಿಲ್ಲ.

ನನ್ನ ಹಾಜರಿ ಪುಸ್ತಕದಲ್ಲಿ ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ, ಬಡಿಗೇರ ಎಲ್ಲರೂ ಇದ್ದಾರೆ. ಇವೆಲ್ಲ ಒಂದು ಕಾಲಕ್ಕೆ ಊರಿನ ಹುದ್ದೆ, ಕಸುಬು. ಗೌಡಕಿ, ಅಂದರೆ ಊರಿನ ಮುಖ್ಯಸ್ಥನ ಹುದ್ದೆ, ಪಾಟೀಲರ ಅಂದರೆ ಗೌಡರ ಮನೆಗೆ, ಲೆಕ್ಕದ ದಫ್ತರ ಕುಲಕರ್ಣಿಯವರ ಮನೆಗೆ, ಚಾವಡಿಯ ಓಡಾಟ ವಾಲೀಕಾರರ ಮನೆಗೆ. ರಾಲ್ಫ್ ಲಿಂಟನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1936ರಲ್ಲಿ ಈ ಎರಡು ಬಗೆಯ ಅಂತಸ್ತನ್ನು ಬೇರೆ ಮಾಡಿ ತೋರಿಸಿದಾಗ ನಮ್ಮ ಕಡೆ ಗೌಡಕಿ ಇನ್ನೂ ವತನವಾಗಿಯೇ, ಅಂದರೆ ವಂಶಪಾರಂಪರ್ಯದ ಹಕ್ಕಾಗಿಯೇ ಇತ್ತು. ಕುಲಕರ್ಣಿ ವತನ, ನಾವು ಆಗ ಸೇರಿದ್ದ ಮುಂಬಯಿ ರಾಜ್ಯದ 1950ರ ಕಾಯ್ದೆಯಿಂದ ಹೋಯಿತು. ಉಳಿದ ವಂಶಪಾರಂಪರ್ಯದ ಹುದ್ದೆಗಳನ್ನು ನಮ್ಮ ರಾಜ್ಯದ 1961ರ ಕಾಯ್ದೆ ರದ್ದು ಮಾಡಿತು, ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ಕ್ಕೆ. ಹುಟ್ಟಿನಿಂದ ಬರುತ್ತಿದ್ದ ಕುರ್ಚಿ ಕಾನೂನಿನ ಒಂದೇಟಿಗೆ ಗಳಿಸುವ ಕುರ್ಚಿಯಾಯಿತು. ಇದನ್ನು ನಾನು ಸಣ್ಣ ಮಾತು ಎಂದು ಎಣಿಸುವುದಿಲ್ಲ.

ನನ್ನ ಹಳೇ ವಿದ್ಯಾರ್ಥಿಯೊಬ್ಬ ವಾಲೀಕಾರರ ಮನೆಯವನು. ಇವತ್ತು ಬೇರೆ ತಾಲೂಕಿನಲ್ಲಿ ತಲಾಟಿ, ಅಂದರೆ ಊರಿನ ಜಮೀನಿನ ದಾಖಲೆ ನೋಡುವ ಸರ್ಕಾರಿ ನೌಕರ. ಅವನ ಅಜ್ಜ ಚಾವಡಿ ಕಟ್ಟೆಯ ಕೆಳಗೆ ನಿಂತು ಹೇಳಿಕೆ ಕೇಳಿಸಿಕೊಂಡವನು. ಈಗ ವಾರಸಾ ಹಚ್ಚಿಸಲು (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಬಂದ ದೊಡ್ಡ ಮನೆತನದ ಹಿರಿಯರು ಉತಾರ (ಪಹಣಿ) ಹಿಡಿದು ಇವನ ಟೇಬಲ್ ಮುಂದೆ "ಸಾಹೇಬ್ರ, ಇದೊಂದ ನೋಡ್ರಿ" ಅನ್ನುತ್ತಾರೆ. ಅದೇ ಹುಡುಗ ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆ ಹುಡುಕಿದಾಗ ಮಾಲಕರು ನೌಕರಿ ಕೇಳಿ ನಕ್ಕರು, ಚಹಾ ಕೊಟ್ಟರು. ಆಮೇಲೆ "ಅಡ್ಡಹೆಸರೇನ್ರಿ?" ಎಂದರು. ಹೇಳಿದ. "ಮನ್ಯಾಗ ಕೇಳಿ ಫೋನ್ ಮಾಡ್ತೀನ್ರಿ" ಎಂದರು. ಫೋನು ಬರಲಿಲ್ಲ. ಇದನ್ನು ಅವನು ನನ್ನೆದುರು ಹೇಳುವಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು ಕಡೆ ನೋಡಿ. ಗೌಡಕಿ ಹೋಗಿ ಅರವತ್ತು ವರ್ಷ ದಾಟಿತು. ಆದರೂ ನಮ್ಮ ಕಡೆ ಎಷ್ಟೋ ಊರಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಗೌಡರ ಎತ್ತಿಗೇ ಮೊದಲ ಮಾನ.

"ಕಷ್ಟಪಟ್ಟು ಓದಿದರೆ ಎಲ್ಲ ಆಗುತ್ತದೆ" ಎನ್ನುವವರ ಜೊತೆ ನನ್ನ ತಕರಾರು ಇರುವುದು ಇಲ್ಲೇ. ಸುಗ್ಗಿ ಮುಗಿದ ಮೇಲೆ ತಂದೆ-ತಾಯಿ ದುಡಿಯಲು ಗೋವಾಕ್ಕೆ ಹೋದಾಗ, ಮುದುಕಿ ಅಜ್ಜಿಯನ್ನೂ ತಮ್ಮ-ತಂಗಿಯರನ್ನೂ ನೋಡಿಕೊಂಡು ಹತ್ತನೇ ತರಗತಿ ಬರೆಯುವ ಹುಡುಗಿಯ ಅರವತ್ತು ಪರ್ಸೆಂಟೂ, ಸ್ವಂತ ಕೋಣೆ, ಟ್ಯೂಷನ್ ಇರುವ ಹುಡುಗನ ಅರವತ್ತು ಪರ್ಸೆಂಟೂ ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ. ಪರಿಶ್ರಮ ಒಂದೇ ಅಲ್ಲ. ಸರ್ಕಾರಿ ನೌಕರಿಯ ಮೀಸಲಾತಿಗೆ ಸಂವಿಧಾನದ 16(4)ನೇ ವಿಧಿಯಲ್ಲಿ ಜಾಗ ಇಟ್ಟದ್ದನ್ನು ನಾನು ಮಕ್ಕಳಿಗೆ ಈ ಲೆಕ್ಕದಿಂದಲೇ ವಿವರಿಸುತ್ತೇನೆ.

ಆ ತಲಾಟಿಯ ಮಗಳು ಈಗ ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಅಪ್ಪ ಗಳಿಸಿದ್ದು ಅವಳಿಗೆ ಹುಟ್ಟಿನಿಂದಲೇ ಬಂದಿದೆ: ಫೀ, ಪುಸ್ತಕ, ಕಚೇರಿಯಲ್ಲಿ ಹೇಗೆ ಮಾತಾಡಬೇಕೆಂಬ ಧೈರ್ಯ. ಅಡ್ಡಹೆಸರೂ ಅದರ ಜೊತೆಗೇ ಬಂದಿದೆ. ನಿಮ್ಮ ಉತ್ತರಪತ್ರಿಕೆಯಲ್ಲಿ ಎರಡು ಅಂತಸ್ತುಗಳನ್ನು ಎದುರುಬದುರು ಬರೆದು ಬಿಡಬೇಡಿ. ಒಂದು ತಲೆಮಾರಿನ ಗಳಿಕೆ ಮುಂದಿನ ತಲೆಮಾರಿಗೆ ಹುಟ್ಟಿನ ಪಾಲಾಗುವುದನ್ನೂ ಬರೆಯಿರಿ.