ದಿನವಿಡೀ ಕಚೇರಿ ಕೆಲಸವಿರುವವರು ಮಂಗಳೂರಿನಲ್ಲಿ ಹಾಫ್ ಮ್ಯಾರಥಾನ್‌ಗೆ ಹೇಗೆ ಸಿದ್ಧರಾಗಬಹುದು?

ಈಗಾಗಲೇ ಏಳೆಂಟು ಕಿ.ಮೀ. ಓಡಬಲ್ಲವರು 21.1 ಕಿ.ಮೀ.ಗಾಗಿ ದಿನವೂ ಓಡಬೇಕಾಗಿಲ್ಲ. ವಾರದ ನಡುವೆ ಎರಡು ಮುಂಜಾನೆ 40 ನಿಮಿಷ, ಭಾನುವಾರ ಒಂದು ದೀರ್ಘ ಓಟ ಸಾಕು. ಬೇರೆ ಯಾವುದು ತಪ್ಪಿದರೂ ಈ ಭಾನುವಾರದ ಓಟ ತಪ್ಪಬಾರದು, ಏಕೆಂದರೆ ಹೃದಯವೂ ಸ್ನಾಯುಗಳೂ ಹೆಚ್ಚು ಹೊತ್ತಿನ ಶ್ರಮಕ್ಕೆ ಒಗ್ಗುವುದು ಮುಖ್ಯವಾಗಿ ಅದರಿಂದಲೇ. ಅದನ್ನು 8 ಕಿ.ಮೀ.ಯಿಂದ ಆರಂಭಿಸಿ ವಾರಕ್ಕೊಂದು ಕಿ.ಮೀ.ಯಂತೆ ಏರಿಸುತ್ತ, ನಾಲ್ಕು ವಾರಕ್ಕೊಮ್ಮೆ ತುಸು ಇಳಿಸುತ್ತ, 18 ಕಿ.ಮೀ. ಮುಟ್ಟಿದಾಗ ಏರಿಸುವುದನ್ನು ನಿಲ್ಲಿಸಬಹುದು. ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರದೆ ಮೈ ಬಿಸಿಯೇರುವುದರಿಂದ ಐದೂವರೆಗೇ ಹೊರಡುವುದು ಒಳ್ಳೆಯದು. ವೇಗ ಮಾತನಾಡುತ್ತ ಓಡುವಷ್ಟಿರಲಿ. ಪಣಂಬೂರು ಕಡಲತೀರದ ಸಡಿಲ ಮರಳು ಮೀನಖಂಡವನ್ನು ದಣಿಸುತ್ತದೆ. ನೀರಂಚಿನ ಗಟ್ಟಿ ಮರಳು ವಾಸಿ, ಆದರೆ ಅದು ಒಂದೇ ಬದಿಗೆ ಇಳಿಜಾರು. ಇಪ್ಪತ್ತೇ ನಿಮಿಷ ಸಿಕ್ಕ ದಿನ ನನ್ನ ಮಟ್ಟಿಗೆ ಕದ್ರಿ ಗುಡ್ಡದ ಏರು ಲೇಸು.